ಎಸ್‌ಪಿ ರೋಡಿಗೆ ಎರಡು ಫೋನ್ ಹಿಡ್ಕೊಂಡು ಹೋದೆ

ಶನಿವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಚಿಕ್ಕಪೇಟೆ ಮೆಟ್ರೋ ಸ್ಟೇಷನ್ನಿನಿಂದ ಮೇಲೆ ಹತ್ತಿ ಬಂದಾಗ ನನ್ನ ಬ್ಯಾಗಿನಲ್ಲಿ ಎರಡು ಫೋನ್ ಇದ್ದವು. ಒಂದು ನನ್ನದು, 2022ರ ದೀಪಾವಳಿಯಲ್ಲಿ ತಗೊಂಡಿದ್ದು. ಇನ್ನೊಂದು ಅಮ್ಮನದು. ಅಮ್ಮನದು ಅಂದರೆ, ಅದೂ ಒಂದು ಕಾಲಕ್ಕೆ ನನ್ನದೇ. 2018ರಲ್ಲಿ ಮೊದಲ ಸಂಬಳದಲ್ಲಿ ಕೊಂಡು, ನಾಲ್ಕು ವರ್ಷ ಬಳಸಿ, ಹೊಸದು ಬಂದ ವಾರ ಊರಿಗೆ ತಗೊಂಡು ಹೋಗಿ ಕೊಟ್ಟಿದ್ದು.

ನಮ್ಮ ಮನೆಗಳಲ್ಲಿ ಬಟ್ಟೆ ದೊಡ್ಡವರಿಂದ ಚಿಕ್ಕವರಿಗೆ ಇಳಿಯುತ್ತೆ. ಅಕ್ಕನ ಲಂಗ ತಂಗಿಗೆ, ಅಣ್ಣನ ಸ್ವೆಟರ್ ತಮ್ಮನಿಗೆ. ಫೋನು ಮಾತ್ರ ಉಲ್ಟಾ. ಮಕ್ಕಳು ಬಳಸಿ ಬಿಟ್ಟಿದ್ದು ಅಪ್ಪ ಅಮ್ಮನಿಗೆ. ನಿಮ್ಮನೆಯಲ್ಲೂ ಹೀಗೇ ಇರುತ್ತೆ, ಬಿಡಿ. ಹಾಗಾಗಿ ನನಗೆ ಹೊಸ ಫೋನ್ ಆಸೆ ಹುಟ್ಟಿದಾಗಲೆಲ್ಲ ಜೊತೆಗೊಂದು ಸಮಾಧಾನವೂ ಹುಟ್ಟುತ್ತಿತ್ತು: ಇದು ಅಮ್ಮನಿಗಾಗುತ್ತೆ ಬಿಡು.

ಈ ಸಲವೂ ಲೆಕ್ಕ ಅದೇ. ನನ್ನ ಫೋನು ಮಧ್ಯಾಹ್ನ ನಾಲ್ಕಕ್ಕೆ ಉಸಿರು ಬಿಡೋದು, ಕ್ಯಾಮೆರಾ ತೆರೆದರೆ ಒಂದು ಆಕಳಿಕೆ ಮುಗಿಯುವಷ್ಟು ಹೊತ್ತು ಯೋಚಿಸೋದು. ಅಷ್ಟರಲ್ಲಿ ಅದೇ ಫೋನಿಗೆ ಒಂದು ನೋಟಿಫಿಕೇಶನ್. ಹಳೇದು ಕೊಡಿ, ಹೊಸದು ಒಯ್ಯಿರಿ, ತಿಂಗಳಿಗೆ 2,917 ರೂಪಾಯಿ ಮಾತ್ರ. ಆಫೀಸಿನ ಗೆಳತಿ, "ತಗೊಳೇ, ವೀಕೆಂಡ್ ಎರಡು ಸಲ ಹೊರಗೆ ತಿನ್ನೋದು ಬಿಟ್ರೆ ಆಯ್ತು" ಅಂದಳು. ಎಕ್ಸ್‌ಚೇಂಜಿಗೆ ಹಾಕದೆ ನನ್ನದನ್ನು ಅಮ್ಮನಿಗೆ ಕೊಡೋದು, ಅದಕ್ಕೆ ಮುಂಚೆ ಎಸ್‌ಪಿ ರೋಡಲ್ಲಿ ಬ್ಯಾಟರಿ ಬದಲಿಸೋದು, ಅಮ್ಮನದನ್ನು ಅಲ್ಲೇ ಮಾರಿದರೆ ನಾಲ್ಕು ಕಾಸು. ಪ್ಲಾನ್ ರೆಡಿ.

ಅಮ್ಮನ ಫೋನು ನನ್ನ ಬ್ಯಾಗಿಗೆ ಬಂದದ್ದಕ್ಕೆ ಬೇರೆ ಕಥೆಯಿದೆ. ನಮ್ಮದು ತಿಪಟೂರಿನ ಹತ್ತಿರದ ಹಳ್ಳಿ. ಮನೆ ತೋಟದಲ್ಲಿ, ಅಪ್ಪ ಅಮ್ಮ ಇಬ್ಬರೇ, ಇಬ್ಬರಿಗೂ ಸೇರಿ ಒಂದೇ ಫೋನು. ಆಷಾಢದ ಒಂದು ಸಂಜೆ ಅಪ್ಪನಿಗೆ ಶುಗರ್ ಇಳಿದು, ಮೈಯೆಲ್ಲ ಬೆವೆತು, ಜಗಲಿ ಮೇಲೆ ಹಾಗೇ ಒರಗಿಬಿಟ್ಟಿದ್ದಾರೆ. ಅಮ್ಮ ಫೋನ್ ತೆಗೆದರೆ 27 ಪರ್ಸೆಂಟ್ ಇದೆ. ನಂಬರ್ ಒತ್ತಿದ್ದಾಳೆ, ರಿಂಗ್ ಆಗುವ ಮೊದಲೇ ಸ್ಕ್ರೀನ್ ಕಪ್ಪು. ಮತ್ತೆ ಆನ್ ಮಾಡಿದ್ದಾಳೆ, ಕಂಪನಿ ಹೆಸರು ಬಂದು ಮತ್ತೆ ಕಪ್ಪು. ಅಪ್ಪನನ್ನು ಅಲ್ಲೇ ಬಿಟ್ಟು, ಮಳೆಯಲ್ಲಿ ಪಕ್ಕದ ತೋಟದ ಮನೆವರೆಗೂ ಓಡಿದ್ದಾಳೆ. ಅವರು ಬಂದು ಸಕ್ಕರೆ ನೀರು ಕುಡಿಸಿ, ಅಪ್ಪ ಎದ್ದು ಕೂತು, ಎಲ್ಲ ಸರಿಹೋಯ್ತು. ನನಗೆ ಗೊತ್ತಾಗಿದ್ದು ಒಂದು ತಿಂಗಳ ಮೇಲೆ, ಅದೂ ಪಕ್ಕದ ತೋಟದ ಅತ್ತೆಯಿಂದ. ಅಮ್ಮನನ್ನು ಕೇಳಿದರೆ, "ನಿಂಗ್ಯಾಕೆ ಸುಮ್ನೆ ಗಾಬರಿ ಅಂತ ಹೇಳ್ಲಿಲ್ಲ. ಹಳೇ ಫೋನು, ಅದುನ್ನ ಬೈದು ಏನ್ಮಾಡದು" ಅಂದಳು. ಆ ಹಳೇ ಫೋನು ಕೊಟ್ಟವಳು ನಾನು ಅನ್ನೋದನ್ನು ಅವಳು ಹೇಳಲಿಲ್ಲ. ಸದ್ಯಕ್ಕಿರಲಿ ಅಂತ ಒಂದು ಬಟನ್ ಫೋನ್ ತೆಗೆದುಕೊಟ್ಟು, ಇದನ್ನು ಬೆಂಗಳೂರಿಗೆ ತಂದಿದ್ದೆ.

ಚಿಕ್ಕಪೇಟೆಯಿಂದ ಎಸ್‌ಪಿ ರೋಡಿಗೆ ನಡೆದೇ ಹೋಗಬೇಕು. ಆಟೋದವರು ಬರಲ್ಲ, ಬಂದರೂ ನೀವೇ ಮುಂಚೆ ತಲುಪಿರ್ತೀರಿ. ಕೆಂಪೇಗೌಡರ ಕಾಲದ ಪೇಟೆ ಇದು. ಅಕ್ಕಿಗೆ ಅಕ್ಕಿಪೇಟೆ, ಬಳೆಗೆ ಬಳೇಪೇಟೆ, ದವಸಕ್ಕೆ ತರಗುಪೇಟೆ, ಒಂದೊಂದು ಕಸುಬಿಗೆ ಒಂದೊಂದು ಬೀದಿ. ಸೀರೆ ಅಂಗಡಿಯವರ "ಬನ್ನಿ ಅಕ್ಕ" ದಾಟಿ, ಅವೆನ್ಯೂ ರಸ್ತೆಯ ಪುಸ್ತಕದ ರಾಶಿಗಳನ್ನು ದಾಟಿ, ನಗರ್ತಪೇಟೆಯ ಗಲ್ಲಿಗಳಲ್ಲಿ ನುಸುಳಿದರೆ ಬೀದಿಯ ವಾಸನೆಯೇ ಬದಲಾಗುತ್ತೆ. ಹೊಸ ಬಟ್ಟೆಯ ಗಂಜಿ ವಾಸನೆ ಹೋಗಿ, ಬೆಸುಗೆಯ ಹೊಗೆ, ರಟ್ಟಿನ ಡಬ್ಬ, ಬಿಸಿ ಪ್ಲಾಸ್ಟಿಕ್. ಅದೇ ಸದರ್ ಪತ್ರಪ್ಪ ರಸ್ತೆ, ನಮ್ಮೆಲ್ಲರ ಬಾಯಲ್ಲಿ ಎಸ್‌ಪಿ ರೋಡು.

ಬೆಂಗಳೂರಲ್ಲಿ ಇಂಜಿನಿಯರಿಂಗ್ ಓದಿದವರಿಗೆ ಈ ರಸ್ತೆ ಹೊಸದಲ್ಲ. ಫೈನಲ್ ಇಯರ್ ಪ್ರಾಜೆಕ್ಟಿಗೆ ಸೆನ್ಸರ್, ಆರ್ಡುಯಿನೋ ಬೋರ್ಡ್ ಅಂತ ನಾವು ನಾಲ್ಕು ಜನ ಬಂದು, ಚೌಕಾಸಿ ಮಾಡಿ ಐವತ್ತು ರೂಪಾಯಿ ಉಳಿಸಿ, ಆ ಐವತ್ತರಲ್ಲಿ ಕಬ್ಬಿನ ಹಾಲು ಕುಡಿದು ಹೋಗಿದ್ದು ನೆನಪಿದೆ. ಈಗಲೂ ಹಾಗೇ ಇದೆ. ಒಂದು ಕಡೆ ಸಿಸಿಟಿವಿ ಕ್ಯಾಮೆರಾಗಳು ನಿಮ್ಮನ್ನೇ ನೋಡ್ತಿರ್ತವೆ, ಇನ್ನೊಂದು ಕಡೆ ಲ್ಯಾಪ್‌ಟಾಪ್ ಕೀಬೋರ್ಡ್‌ಗಳನ್ನು ಹಪ್ಪಳದ ಹಾಗೆ ಪೇರಿಸಿಟ್ಟಿರ್ತಾರೆ. ತಲೆ ಮೇಲೆ ವೈರು, ಕಾಲ ಕೆಳಗೆ ಹ್ಯಾಂಡ್‌ಕಾರ್ಟಿನ ಚಕ್ರ.

ಸೆಕೆಂಡ್ ಹ್ಯಾಂಡ್ ಫೋನಿನ ಒಂದು ಕೌಂಟರ್ ಮುಂದೆ ನಾನೂ ನಿಂತೆ, ಸುಳ್ಳು ಹೇಳಲ್ಲ. ನಾನು ಆಸೆಪಟ್ಟ ಮಾಡೆಲ್ಲೇ, ಅರ್ಧಕ್ಕಿಂತ ಸ್ವಲ್ಪ ಹೆಚ್ಚು ರೇಟಿಗೆ. ಇಂಥ ಕಡೆ ತಗೊಳ್ಳೋದಾದರೆ ಒಂದು ಕೆಲಸ ಮಾಡಿ. *#06# ಒತ್ತಿದರೆ ಐಎಂಇಐ ನಂಬರ್ ಬರುತ್ತೆ. ಕೆವೈಎಂ ಅನ್ನೋ ಮೂರು ಅಕ್ಷರ ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಜಾಗ ಬಿಟ್ಟು ಆ ನಂಬರ್ ಹಾಕಿ 14422ಕ್ಕೆ ಎಸ್‌ಎಂಎಸ್ ಕಳಿಸಿ. ಕಳುವಾಗಿ ಬ್ಲಾಕ್ ಆದ ಫೋನಾದರೆ ದುಡ್ಡು ಕೊಡೋ ಮುಂಚೆಯೇ ಗೊತ್ತಾಗುತ್ತೆ. ನಾನು *#06# ಒತ್ತಬಹುದಾ ಅಂತ ಕೇಳಿದ್ದಕ್ಕೆ ಆ ಕೌಂಟರಿನ ಹುಡುಗ, "ಮೇಡಂ, ಟೈಮ್ ವೇಸ್ಟ್ ಮಾಡ್ಬೇಡಿ" ಅಂದ. ಸರಿ ಅಂತ ಮುಂದೆ ನಡೆದೆ.

ನಾನು ಹುಡುಕುತ್ತಿದ್ದ ಅಂಗಡಿ ಒಂದು ಹಳೇ ಕಾಂಪ್ಲೆಕ್ಸಿನ ಮೆಟ್ಟಿಲ ತಿರುವಿನಲ್ಲಿತ್ತು. ಅಂಗಡಿ ಅನ್ನೋದಕ್ಕಿಂತ ಗಾಜಿನ ಗೂಡು. ಮೂರಡಿ ಟೇಬಲ್ಲು, ಮೈಕ್ರೋಸ್ಕೋಪು, ಬಿಸಿ ಗಾಳಿ ಊದುವ ಗನ್ನು, ಹರಿವಾಣದ ಹಾಗೆ ಕಾಯಿಸುವ ಒಂದು ತಟ್ಟೆ, ಮತ್ತೆ ಸಾಸಿವೆ ಕಾಳಿನಷ್ಟು ಸ್ಕ್ರೂಗಳನ್ನು ಸಾಲಾಗಿಟ್ಟ ನೀಲಿ ಮ್ಯಾಟು. ಅಲ್ಲಿ ಕೂತಿದ್ದ ಅಣ್ಣನಿಗೆ ನಲವತ್ತರ ಆಸುಪಾಸು. ಮಾತು ಕಮ್ಮಿ.

ಮೊದಲು ಅಮ್ಮನ ಫೋನ್ ಕೊಟ್ಟೆ. ಅವನು ಪೌಚ್ ತೆಗೆದ, ಫೋನನ್ನು ಗಾಜಿನ ಮೇಲೆ ಅಂಗಾತ ಇಟ್ಟ, ಒಂದು ಮೂಲೆಯನ್ನು ಬೆರಳಲ್ಲಿ ತಳ್ಳಿದ. ಫೋನು ಬುಗುರಿ ಹಾಗೆ ಗಿರ್ರನೆ ತಿರುಗಿತು.

"ಇದನ್ನ ಎಲ್ಲಿಟ್ಟು ಚಾರ್ಜ್ ಮಾಡ್ತಿದ್ರಿ ಮೇಡಂ?"

"ನಂದಲ್ಲ ಅಣ್ಣ. ನಮ್ಮಮ್ಮಂದು, ಊರಲ್ಲಿ."

"ಊರಲ್ಲಿ ಎಲ್ಲಿ?"

ಊರಲ್ಲಿ ಮಂಚದ ತಲೆದೆಸೆಯಲ್ಲಿ ಪ್ಲಗ್ ಇದೆ. ಬೆಳಿಗ್ಗೆ ಐದಕ್ಕೆ ಹಾಲು ಕರೆಯಲು ಅಲಾರಂ ಬೇಕು. ಹಾಗಾಗಿ ಅಮ್ಮ ರಾತ್ರಿಯೆಲ್ಲ ಫೋನನ್ನು ಚಾರ್ಜಿಗೆ ಹಾಕಿ ದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಿದ್ದಳು. ಅದನ್ನು ಹೇಳಿದೆ. ಅಣ್ಣ ಏನೂ ಅನ್ನಲಿಲ್ಲ. ಹಿಂದಿನ ಪ್ಯಾನೆಲ್ ಬಿಚ್ಚಿ ನನ್ನ ಕಡೆ ತಿರುಗಿಸಿದ. ಬಿಸ್ಕತ್ತಿನಂತೆ ಚಪ್ಪಟೆ ಇರಬೇಕಾದ ಬ್ಯಾಟರಿ ಬನ್ನಿನ ಹಾಗೆ ಊದಿತ್ತು. ಹಿಂದಿನ ಕವರ್ ಸಡಿಲ ಆಗಿದೆ ಅಂತ ಅಮ್ಮ ಯುಗಾದಿಯಲ್ಲೇ ಹೇಳಿದ್ದಳು. ನಾನು ಏನು ಮಾಡಿದ್ದೆ ಗೊತ್ತಾ? ಆನ್‌ಲೈನಲ್ಲಿ ಒಂದು ಗಟ್ಟಿ ಪೌಚ್ ತರಿಸಿಕೊಟ್ಟಿದ್ದೆ. ಊದಿದ್ದನ್ನು ಅದುಮಿ ಹಿಡಿದುಕೊಂಡಿದ್ದು ಆ ಪೌಚು.

ಲಿಥಿಯಂ ಬ್ಯಾಟರಿ ಹಳತಾಗಿ ಕೆಟ್ಟಾಗ ಒಳಗೆ ಅನಿಲ ತುಂಬಿ ಹೀಗೆ ಊದುತ್ತೆ. ಶಾಖ ಕಂಡರೆ ಇನ್ನೂ ಬೇಗ. ಚುಚ್ಚಿದರೆ, ಒತ್ತಿದರೆ ಬೆಂಕಿ ಹಿಡಿಯಬಹುದು. ಅಣ್ಣ ಪ್ಲಾಸ್ಟಿಕ್ ಪಟ್ಟಿಯಿಂದ ಮೆಲ್ಲಗೆ ಎಬ್ಬಿಸಿ ತೆಗೆದು, ಮರಳು ತುಂಬಿದ ಒಂದು ತಗಡಿನ ಡಬ್ಬಿಗೆ ಹಾಕಿದ. ನಿಮ್ಮ ಮನೆಯ ಹಳೇ ಫೋನುಗಳನ್ನು ಇವತ್ತೇ ಒಂದು ಸಲ ಮೇಜಿನ ಮೇಲಿಟ್ಟು ತಿರುಗಿಸಿ ನೋಡಿ. ತಿರುಗಿದರೆ ಚಾರ್ಜಿಗೆ ಹಾಕಬೇಡಿ.

27 ಪರ್ಸೆಂಟಿನಲ್ಲಿ ಯಾಕೆ ಆಫ್ ಆಯ್ತು ಅಂತ ಕೇಳಿದೆ. ಅವನು ಹೇಳಿದ ರೀತಿ ನಮ್ಮ ತಿಪಟೂರು ಕಡೆಯವರಿಗೆ ಥಟ್ಟನೆ ಅರ್ಥವಾಗುವಂಥದ್ದು. "ಹಳೇ ಬೋರ್‌ವೆಲ್ ಇರತ್ತಲ್ಲ ಮೇಡಂ, ಕೆಳಗೆ ನೀರಿರತ್ತೆ. ಮೋಟ್ರು ಹಾಕಿದ ತಕ್ಷಣ ಮಟ್ಟ ಕುಸಿದು ಗಾಳಿ ಎಳೆಯುತ್ತೆ. ಇದೂ ಅಷ್ಟೇ." ಆಮೇಲೆ ನಾನೂ ಓದಿಕೊಂಡೆ. ಬ್ಯಾಟರಿ ಹಳತಾದಷ್ಟೂ ಒಳಗಿನ ರೋಧ ಏರುತ್ತೆ. ಸುಮ್ಮನಿದ್ದಾಗ ತೋರಿಸೋ ಪರ್ಸೆಂಟು ಒಂದು ಅಂದಾಜು ಮಾತ್ರ, ಜೋರಾಗಿ ಕರೆಂಟ್ ಎಳೆದ ಕೂಡಲೇ ವೋಲ್ಟೇಜ್ ಕುಸಿದು ಫೋನ್ ಆಫ್. ಜೋರಾಗಿ ಎಳೆಯೋದು ಯಾವಾಗ? ಸಿಗ್ನಲ್ ಕಮ್ಮಿ ಇರೋ ಕಡೆ ಕಾಲ್ ಮಾಡಿದಾಗ. ದೂರದ ಟವರಿಗೆ ಕೇಳಿಸಲಿ ಅಂತ ಫೋನು ಹೆಚ್ಚು ಶಕ್ತಿ ಹಾಕಬೇಕಾಗುತ್ತೆ. ನಮ್ಮ ತೋಟದ ಮನೆಯಲ್ಲಿ ಸಿಗ್ನಲ್ ಇರೋದೇ ಎರಡು ಕಡ್ಡಿ. ಬೆಂಗಳೂರಿನ ನನ್ನ ರೂಮಿನಲ್ಲಿ ಇದೇ ಫೋನು ಚೆನ್ನಾಗೇ ಕೆಲಸ ಮಾಡುತ್ತಿತ್ತು. ನನಗೆ ಸಾಕಾಗಿದ್ದ ಫೋನು ಅಮ್ಮನಿಗೆ ಸಾಕಾಗಲ್ಲ ಅಂತ ನನಗೆ ಹೊಳೆದೇ ಇರಲಿಲ್ಲ. ಸುಸ್ತಾದ ಫೋನನ್ನು, ಅದಕ್ಕೆ ಅತಿ ಹೆಚ್ಚು ದುಡಿಮೆ ಇರೋ ಜಾಗಕ್ಕೆ ಕಳಿಸಿದ್ದೆ.

ಇನ್ನು ನನ್ನ ಫೋನು. ಅಣ್ಣ ಅದನ್ನು ಮೀಟರಿಗೆ ಹಾಕಿ ನೋಡಿದ, ಸ್ಟೋರೇಜ್ ತೆರೆಸಿ ನೋಡಿದ. 128 ಜಿಬಿಯಲ್ಲಿ 3 ಜಿಬಿ ಉಳಿದಿತ್ತು. "ಬೋರ್ಡ್ ಸೂಪರ್ ಇದೆ. ಬ್ಯಾಟರಿ ಡೌನು. ಇನ್ನು ಈ ಸ್ಲೋ ಅಂತೀರಲ್ಲ, ಇದಕ್ಕೆ ವಯಸ್ಸಾಗಿಲ್ಲ ಮೇಡಂ, ಹೊಟ್ಟೆ ತುಂಬಿದೆ." ಜಾಗವೇ ಇಲ್ಲದ ಫೋನು ತೆವಳುತ್ತೆ. ಹಳೇ ಬ್ಯಾಟರಿಯೂ ನಿಧಾನ ಮಾಡಬಲ್ಲದು. 2017ರ ಡಿಸೆಂಬರಿನಲ್ಲಿ ಆಪಲ್ ಕಂಪನಿ ಒಪ್ಪಿಕೊಂಡದ್ದು ಇದನ್ನೇ: ಬ್ಯಾಟರಿ ಸೋತ ಹಳೇ ಐಫೋನುಗಳು ದಿಢೀರ್ ಆಫ್ ಆಗದಿರಲಿ ಅಂತ ಸಾಫ್ಟ್‌ವೇರಿನಲ್ಲೇ ವೇಗ ತಗ್ಗಿಸಿದ್ದೇವೆ ಅಂತ. ಗಲಾಟೆಯಾದ ಮೇಲೆ ಬ್ಯಾಟರಿ ಬದಲಿಸುವ ರೇಟನ್ನು 79 ಡಾಲರಿನಿಂದ 29ಕ್ಕೆ ಇಳಿಸಿದರು. ಹೊಸ ಬ್ಯಾಟರಿ ಹಾಕಿದವರಿಗೆ ಹಳೇ ವೇಗ ವಾಪಸ್ ಬಂತು. ಅಷ್ಟು ಜನ ಅದಕ್ಕೂ ಮುಂಚೆ ಹೊಸ ಫೋನೇ ಕೊಂಡುಬಿಟ್ಟಿದ್ದರಲ್ಲ, ಅವರ ಹೊಟ್ಟೆ ಎಷ್ಟು ಉರಿದಿರಬೇಕು.

ಆಮೇಲೆ ಅಣ್ಣ ಅಮ್ಮನ ಫೋನಿಗೆ ಬ್ಯಾಟರಿ ಬದಲು ಪವರ್ ಸಪ್ಲೈ ಕ್ಲಿಪ್ ಹಾಕಿ ಆನ್ ಮಾಡಿಕೊಟ್ಟ, ಫೋಟೋ ತೆಗೆದುಕೊಳ್ಳಲಿ ಅಂತ. "ಸೆಟ್ಟಿಂಗ್ಸ್‌ನಲ್ಲಿ ಸೆಕ್ಯುರಿಟಿ ಪ್ಯಾಚ್ ಅಂತ ಇರತ್ತೆ, ಎರಡರಲ್ಲೂ ತಾರೀಕು ನೋಡಿ." ನನ್ನದರಲ್ಲಿ ಹಿಂದಿನ ತಿಂಗಳದ್ದು. ಕಂಪನಿ ಹೇಳಿದ ಪ್ರಕಾರ ಇನ್ನೂ ಒಂದು ವರ್ಷ ಬರುತ್ತೆ. ಅಮ್ಮನದರಲ್ಲಿ 2020ರ ನವೆಂಬರ್. ಅಂದರೆ ನಾನು ಅಮ್ಮನ ಕೈಗೆ ಕೊಡುವ ಎರಡು ವರ್ಷ ಮುಂಚೆಯೇ ಅದಕ್ಕೆ ಕಂಪನಿಯವರು ಕೈ ತೊಳೆದುಕೊಂಡಿದ್ದರು.

"ಬ್ಯಾಟರಿ ಬೇಕಾದ್ರೆ ನಾನು ಹಾಕ್ಕೊಡ್ತೀನಿ. ಇದನ್ನ ಹಾಕಕ್ಕೆ ನನ್ ಕೈಲಾಗಲ್ಲ" ಅಂದ.

ಅಮ್ಮನ ಫೋನಿನಲ್ಲಿ ಏನಿರುತ್ತೆ ಮಹಾ ಅಂತ ನಾವು ಅಂದುಕೊಳ್ತೀವಿ. ಗೃಹಲಕ್ಷ್ಮಿಯ 2,000 ಜಮಾ ಆದ ಮೆಸೇಜು ಬರೋದು ಅದಕ್ಕೇ. ಹಾಲಿನ ದುಡ್ಡು ಬೀಳುವ ಬ್ಯಾಂಕ್ ಖಾತೆಗೆ ಕಟ್ಟಿರೋ ನಂಬರ್ ಅದೇ. ಸ್ವಸಹಾಯ ಸಂಘದ ಗ್ರೂಪಿಗೆ ಯಾರೋ ಫಾರ್ವರ್ಡ್ ಮಾಡಿದ "ಕೆವೈಸಿ ಅಪ್‌ಡೇಟ್ ಮಾಡಿ" ಅನ್ನೋ ಫೈಲನ್ನು ಒತ್ತುವವರು ಯಾರು, ನಾನಾ, ಅಮ್ಮನಾ? ಅಪ್‌ಡೇಟ್ ಇದ್ದರೆ ಎಲ್ಲ ಮೋಸದಿಂದ ಪಾರು ಅಂತ ಅಲ್ಲ. ಆದರೂ ಕದಕ್ಕೆ ಚಿಲಕವೇ ಇಲ್ಲದ ಮನೆಯಲ್ಲಿ ಅಮ್ಮನನ್ನು ಮೂರು ವರ್ಷ ಕೂರಿಸಿದ್ದೆ.

ನನ್ನ ಫೋನಿನ ಬ್ಯಾಟರಿಗೆ 1,400 ಅಂದ. ಮೂರು ತಿಂಗಳ ಗ್ಯಾರಂಟಿ. "ಇಲ್ಲಿ ಒರಿಜಿನಲ್ ಅಂತ ಹೇಳೋದೆಲ್ಲ ಒರಿಜಿನಲ್ ಅಲ್ಲ, ನಿಮಗೆ ಡೌಟಿದ್ರೆ ಕಂಪನಿ ಸರ್ವಿಸ್ ಸೆಂಟರ್‌ಗೇ ಹೋಗಿ, ಸ್ವಲ್ಪ ಜಾಸ್ತಿ ಆಗತ್ತೆ" ಅಂತ ಅವನೇ ಹೇಳಿದ್ದಕ್ಕೆ ಅಲ್ಲೇ ಹಾಕಿಸಿದೆ. ಒಮ್ಮೆ ಬಿಚ್ಚಿದ ಮೇಲೆ ನೀರು ತಡೆಯುವ ಗಮ್ ಮೊದಲಿನಷ್ಟು ಗಟ್ಟಿ ಇರಲ್ಲ, ಮಳೆಯಲ್ಲಿ ಹುಷಾರು ಅಂದ. ಒಂದು ಗಂಟೆ ಬಿಟ್ಟು ಬನ್ನಿ.

ಆ ಒಂದು ಗಂಟೆ ಹತ್ತಿರದ ದರ್ಶಿನಿಯಲ್ಲಿ ನಿಂತು ಕಾಫಿ ಕುಡಿಯುತ್ತಾ ಟಿಶ್ಯೂ ಪೇಪರಿನ ಮೇಲೆ ಲೆಕ್ಕ ಹಾಕಿದೆ. ಫೋನ್ ಇಲ್ಲದೆ ಒಂದು ಗಂಟೆ, ಬೇರೆ ಮಾಡೋದಕ್ಕೂ ಏನಿರಲಿಲ್ಲ. ನನಗೆ ಬೇಕಿದ್ದ ಫೋನಿಗೆ 34,999. ಅದರಲ್ಲೇ 18 ಪರ್ಸೆಂಟ್ ಜಿಎಸ್‌ಟಿ ಸೇರಿದೆ. ನೋ ಕಾಸ್ಟ್ ಇಎಂಐ ಅಂತಾರೆ, ಆದರೆ ಕಾರ್ಡಿನ ಬ್ಯಾಂಕು ಬಡ್ಡಿ ಹಾಕೇ ಹಾಕುತ್ತೆ. ಅಂಗಡಿಯವರು ಅಷ್ಟನ್ನು ಡಿಸ್ಕೌಂಟಿನಲ್ಲಿ ಮುರಿಯುತ್ತಾರೆ, ಬಡ್ಡಿ ಮೇಲಿನ ಜಿಎಸ್‌ಟಿ ಮತ್ತು ಪ್ರೊಸೆಸಿಂಗ್ ಫೀ ನಮ್ಮ ತಲೆಗೇ. ದೊಡ್ಡ ಮೊತ್ತವಲ್ಲ, ಆದರೆ ಹೆಸರಿನಲ್ಲಿರೋ "ನೋ" ಪೂರ್ತಿ ನಿಜವಲ್ಲ.

ಕ್ಯಾಮೆರಾ ಆಸೆ ಮಾತ್ರ ನಿಜವಾದದ್ದೇ. ರಾತ್ರಿ ಹೊತ್ತು ತೆಗೆದ ಫೋಟೋ ಚೆನ್ನಾಗಿ ಬರಲಿ ಅಂತ ಆಸೆಪಡೋದು ಪಾಪವೇನಲ್ಲ. ಫೋನಿನಲ್ಲೇ ವಿಡಿಯೋ ಮಾಡಿ ಬದುಕುವವರು, ದಿನವಿಡೀ ಡೆಲಿವರಿ ಮ್ಯಾಪ್ ಹಾಕಿಕೊಂಡು ಓಡಾಡುವವರು ಫೋನ್ ಬದಲಿಸಿದರೆ ಅದು ಹೊಲಕ್ಕೆ ಹೊಸ ನೇಗಿಲು ತಂದ ಹಾಗೆ. ನಾನು ಫೋನಿನಲ್ಲಿ ಮಾಡೋದು ಮೀಟಿಂಗಿಗೆ ಸೇರೋದು, ಯುಪಿಐ, ಮತ್ತು ಇನ್ನೊಬ್ಬರ ವಿಡಿಯೋ ನೋಡೋದು. ಅದಕ್ಕೆ 1,400 ಸಾಕು. ಹಾಗಾದರೆ ಹೊಸ ಫೋನ್ ಬೇಕಾಗಿರೋದು ಯಾರಿಗೆ ಅನ್ನೋದಕ್ಕೆ ಟಿಶ್ಯೂ ಪೇಪರಿನ ಮೇಲೆ ಒಂದೇ ಉತ್ತರ ಉಳಿಯಿತು. ಅಪ್‌ಗ್ರೇಡ್ ಮಾಡ್ಲಾ ಬೇಡ್ವಾ ಅಂತ ಮೂರು ತಿಂಗಳಿಂದ ತಲೆ ಕೆಡಿಸಿಕೊಂಡಿದ್ದೆ, ತಪ್ಪು ಫೋನಿನ ಬಗ್ಗೆ.

ಅಮ್ಮನಿಗೆ ತಗೊಂಡಿದ್ದು 13,499ರ ಫೋನು, ಇಎಂಐ ಇಲ್ಲದೆ. ನೋಡಿದ್ದು ಎರಡೇ ವಿಷಯ. ಬ್ಯಾಟರಿ ದೊಡ್ಡದಿರಬೇಕು, ಸೆಕ್ಯುರಿಟಿ ಅಪ್‌ಡೇಟ್ ಎಷ್ಟು ವರ್ಷ ಅಂತ ಕಂಪನಿ ಬರೆದುಕೊಟ್ಟಿರಬೇಕು. ದುಬಾರಿ ಫೋನುಗಳಿಗೆ ಈಗ ಏಳು ವರ್ಷದ ಮಾತು ಕೊಡ್ತಾರೆ, 2023ರಲ್ಲಿ ಗೂಗಲ್ ಪಿಕ್ಸೆಲ್ 8, ಮರುವರ್ಷ ಸ್ಯಾಮ್ಸಂಗ್ ಎಸ್24 ಅದನ್ನು ಶುರು ಮಾಡಿದವು. ಈ ರೇಟಿಗೆ ನಾಲ್ಕು ವರ್ಷ ಸಿಕ್ಕಿತು. 5ಜಿ ಇದೆ ಅಂತ ಅಂಗಡಿಯವನು ನಾಲ್ಕು ಸಲ ಹೇಳಿದ. ನಮ್ಮ ತೋಟಕ್ಕೆ 4ಜಿಯೇ ತೆವಳಿಕೊಂಡು ಬರುತ್ತೆ ಅಂತ ಅವನಿಗೆ ಹೇಳಲಿಲ್ಲ. ಹಳೇ ಫೋನಿನ ಫೋಟೋಗಳನ್ನೆಲ್ಲ ತೆಗೆದುಕೊಂಡು, ರೀಸೆಟ್ ಮಾಡಿ, ಬಿಡಿಭಾಗಕ್ಕೆ ಅಂತ ಆ ಅಣ್ಣನಿಗೇ ಬಿಟ್ಟೆ. ಇನ್ನೂರು ರೂಪಾಯಿ ಕೊಟ್ಟ. ಅದರಲ್ಲಿದ್ದ ಫೋಟೋಗಳಲ್ಲಿ ಅರ್ಧ ಶುಭೋದಯ, ಕಾಲು ಭಾಗ ಕರು. ಉಳಿದದ್ದು ಮಧ್ಯಾಹ್ನ ಮಲಗಿದ ಅಪ್ಪ, ಕದ್ದು ತೆಗೆದದ್ದು.

ಭಾನುವಾರ ಯಶವಂತಪುರದಲ್ಲಿ ರೈಲು ಹತ್ತಿದೆ. ತುಮಕೂರು ದಾಟಿ ಗುಬ್ಬಿ, ನಿಟ್ಟೂರು ಬರುವ ಹೊತ್ತಿಗೆ ಕಿಟಕಿಯ ಎರಡೂ ಕಡೆ ತೆಂಗು ಶುರುವಾಗುತ್ತೆ. ನನ್ನ ಫೋನು ಬೆಳಿಗ್ಗೆ ಆರರಿಂದ ಹಾಡು ಹಾಡುತ್ತಾ ಇನ್ನೂ 80ರ ಮೇಲೇ ಇತ್ತು. ಸಿಗ್ನಲ್ ಒಂದೊಂದೇ ಕಡ್ಡಿ ಇಳಿಯುವುದನ್ನು ಅವತ್ತು ಮೊದಲ ಸಲ ಗಮನಿಸಿದೆ.

ಅಮ್ಮನಿಗೆ ಖುಷಿ ಆಗುತ್ತೆ ಅಂದುಕೊಂಡಿದ್ದೆ. ಡಬ್ಬಿ ನೋಡಿದವಳೇ, "ಹೊಸದು ನೀನಿಟ್ಕಳೆ, ನಂಗೆ ನಿನ್ ಹಳೇದು ಕೊಡು. ನಾನೇನು ಫೋನ್ ಹಿಡ್ಕೊಂಡು ಆಪೀಸಿಗೆ ಹೋಗ್ತೀನಾ" ಅಂದಳು. ನನ್ನ ಫೋನು ಸರಿಯಾಗಿದೆ, ನನಗೆ ಇದೇ ಸಾಕು ಅಂದರೆ ನಂಬಲಿಲ್ಲ. ಕೆಲಸ ಹೋಯ್ತಾ ಅಂತ ಅಪ್ಪ ಮೆಲ್ಲಗೆ ಕೇಳಿದರು. ಮಗಳು ಹಳೇ ಫೋನ್ ಇಟ್ಟುಕೊಂಡರೆ ಮನೆಯವರಿಗೆ ಹುಟ್ಟುವ ಅನುಮಾನ ಅದು.

ಬೆರಳಚ್ಚು ಹಾಕಿಸೋಣ ಅಂದರೆ ಫೋನು ಅಮ್ಮನ ಹೆಬ್ಬೆರಳನ್ನು ಹಿಡಿಯಲೇ ಇಲ್ಲ. ಬಲಗೈ, ಎಡಗೈ, ಒರೆಸಿ, ತೊಳೆದು, ಏಳೆಂಟು ಸಲ. ಕೊಬ್ಬರಿ ಸುಲಿದು, ಹಾಲು ಕರೆದು, ಪಾತ್ರೆ ಉಜ್ಜಿ ಗೆರೆಗಳೇ ಸವೆದುಹೋಗಿವೆ. "ರೇಷನ್ ಅಂಗಡೀಲೂ ಹಿಂಗೇ ಕಣೆ" ಅಂದಳು ನಗುತ್ತಾ. ನಾಲ್ಕಂಕಿ ಪಿನ್ ಇಟ್ಟೆವು. ದಿಂಬಿನ ಕೆಳಗಿನ ಚಾರ್ಜಿಂಗ್ ಬಿಡಿಸೋದು ಅದಕ್ಕಿಂತ ಕಷ್ಟವಾಯ್ತು. ಕಡೆಗೆ ಪ್ಲಗ್ಗಿನ ಪಕ್ಕದ ಗೂಡಿನಲ್ಲಿ ಫೋನಿಡೋದು, ಅಲಾರಂ ಜೋರಾಗಿ ಇಡೋದು ಅಂತ ಒಪ್ಪಂದ. ಬಟನ್ ಫೋನನ್ನು ವಾಪಸ್ ಕೇಳಿದರೆ ಕೊಡಲಿಲ್ಲ. ಒಂದು ಸಲ ಚಾರ್ಜ್ ಮಾಡಿದರೆ ನಾಲ್ಕೈದು ದಿನ ಬರುತ್ತಂತೆ. ಅದಕ್ಕೊಂದು ಬೇರೆ ಸಿಮ್ ಹಾಕಿಸಿ ಅಪ್ಪನ ಅಂಗಿ ಜೇಬಿಗೆ ಅಂತ ಅವಳೇ ತೀರ್ಮಾನ ಮಾಡಿದಳು. ನನ್ನ ಟಿಶ್ಯೂ ಪೇಪರ್ ಲೆಕ್ಕದಲ್ಲಿ ಅದು ಇರಲಿಲ್ಲ, ಇರಬೇಕಿತ್ತು.

ಬುಧವಾರ ರಾತ್ರಿ ಅಮ್ಮ ಫೋನ್ ಮಾಡಿದಳು. ದನಿ ಸ್ವಲ್ಪ ಅವಸರದಲ್ಲಿತ್ತು. "ಇಪ್ಪತ್ತೇಳು ತೋರಿಸ್ತೈತೆ ಕಣೆ. ಇಟ್ಬುಡ್ಲಾ? ಚಾರ್ಜಿಗೆ ಹಾಕಿ ಆಮೇಲೆ ಮಾಡ್ಲಾ?"

"ಬೇಡಮ್ಮ, ಮಾತಾಡು."

ಕೊಬ್ಬರಿ ರೇಟು, ಕರುವಿನ ಭೇದಿ, ಅಪ್ಪ ಡಾಕ್ಟರ ಹತ್ತಿರ ಹೋಗಲು ಮಾಡುವ ನೆಪ, ಸಂಘದ ಮೀಟಿಂಗಿನಲ್ಲಿ ಯಾರು ಯಾರಿಗೆ ಏನಂದರು, ಎಲ್ಲ ಆಯ್ತು. ಮಧ್ಯೆ ಮಧ್ಯೆ ಫೋನನ್ನು ಕಿವಿಯಿಂದ ತೆಗೆದು ನೋಡುತ್ತಿದ್ದಳು ಅಂತ ಕಾಣುತ್ತೆ, ದನಿ ದೂರ ಹೋಗಿ ಮತ್ತೆ ಹತ್ತಿರ ಬರುತ್ತಿತ್ತು. ಮುಕ್ಕಾಲು ಗಂಟೆಯ ಮೇಲೆ ಒಂದು ಸಲ ಹಾಗೆ ದೂರ ಹೋಗಿ ಬಂದು ಹೇಳಿದಳು:

"ಇಪ್ಪತ್ತೆರಡು ಆಯ್ತು ಕಣೆ. ಆಫ್ ಆಗ್ಲಿಲ್ಲ."